ಪಾಲು ಮಿಸ್ ಹೇಳದೆ ಬಿಟ್ಟ ಪಾಲು

ನಮ್ಮ ಶಾಲೆಯಲ್ಲಿ ಆಟದ ಮೇಷ್ಟ್ರು ನಾನು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು, ಬಾಯಲ್ಲಿ ಬೈಗುಳ. ಮಕ್ಕಳು ನನ್ನನ್ನು ಸೀಟಿ ಸರ್ ಅನ್ನುತ್ತಾರೆ, ಅದೂ ಎದುರಿಗೇ ಅನ್ನುತ್ತಾರೆ. ಶಿಸ್ತು ನನ್ನ ಪಾಲಿಗೆ ಬಲು ಸರಳ. ಸೀಟಿ ಊದಿದರೆ ಸಾಲು ನೆಟ್ಟಗಾಗಬೇಕು, ಆಗದಿದ್ದರೆ ಮೈದಾನಕ್ಕೆ ಒಂದು ಸುತ್ತು ಓಟ. ಹಾಗಾಗಿ ಪಾಲು ಮಿಸ್ ನಮ್ಮ ಶಾಲೆಗೆ ಬಂದಾಗ ಅವರನ್ನು ಗೇಲಿ ಮಾಡಿದವರಲ್ಲಿ ನಾನೇ ಮೊದಲಿಗ.

ಅವರು ಐದನೇ ತರಗತಿಯ ಟೀಚರ್. ಸಣ್ಣ ಆಳು, ದೊಡ್ಡ ಚೀಲ. ಮನೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟ ಗಂಡ, ಮಂಡಿ ನೋವಿನ ಅತ್ತೆ, ಕಾಲೇಜಿಗೆ ಹೋಗುವ ಮಗಳು. ಸಂಜೆಯ ಬಸ್ಸು ತಪ್ಪಿದರೆ ಅತ್ತೆಯ ಮಾತ್ರೆ ತಡವಾಗುತ್ತದೆ, ಮಾತ್ರೆ ತಡವಾದರೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಆದರೆ ಮಕ್ಕಳು ಹೋದ ಮೇಲೂ ತರಗತಿ ಬಿಟ್ಟು ಏಳುವ ಜಾಯಮಾನ ಅವರದಲ್ಲ. ಏನಾದರೂ ಅಂಟಿಸುತ್ತ, ಕತ್ತರಿಸುತ್ತ ಕೂತು, ಕೊನೆಗೆ ಚೀಲವನ್ನು ಎದೆಗೆ ಅವುಚಿಕೊಂಡು ಬಸ್ಸಿನ ಹಿಂದೆ ಓಡುತ್ತಿದ್ದರು. "ಮೇಡಂ, ಈ ಸಲದ ಕ್ರೀಡಾಕೂಟಕ್ಕೆ ನಿಮ್ಮ ಹೆಸರೇ ಬರ್ಕೋತೀನಿ" ಎಂದು ನಾನು ಗೇಟಿನ ಹತ್ತಿರ ಕೂಗುತ್ತಿದ್ದೆ. ಓಡುತ್ತಲೇ ಕೈ ಬೀಸಿ ನಗುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರೂ ಎಲ್ಲರಂತೆ ಸ್ಕೇಲು ಹಿಡಿದವರೇ. ಒಂದು ದಿನ ಪಾಠ ಮಾಡುತ್ತ ಮಾಡುತ್ತ ಕೂದಲಿನ ಕ್ಲಿಪ್ಪು ಸರಿ ಮಾಡಿಕೊಳ್ಳಲು ಕೈ ಎತ್ತಿದರಂತೆ. ಮುಂದಿನ ಎರಡು ಬೆಂಚಿನ ಮಕ್ಕಳು ಒಟ್ಟಿಗೆ ತಲೆಗೆ ಕೈ ಅಡ್ಡ ಹಿಡಿದರಂತೆ. ಇದನ್ನು ಅವರು ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ಹೇಳಿದಾಗ ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಆಮೇಲೆ ಸ್ಕೇಲು ಗೆರೆ ಎಳೆಯಲು ಮಾತ್ರ ಉಳಿಯಿತು, ಅದರ ಜಾಗಕ್ಕೆ 'ಪಾಲು' ಬಂತು.

ಪಾಲು ಎಂದರೆ ಇಷ್ಟೆ. ತರಗತಿಯಲ್ಲಿ ಏನಾದರೂ ಎಡವಟ್ಟಾದರೆ "ಯಾರು ಮಾಡಿದ್ದು?" ಎಂದು ಯಾರೂ ಕೇಳುವಂತಿಲ್ಲ. ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ ನೆಲದ ಮೇಲೆ ದುಂಡಗೆ ಕೂರಬೇಕು. ಒಬ್ಬೊಬ್ಬರೂ ಇದರಲ್ಲಿ ತನ್ನ ಪಾಲು ಏನೆಂದು ಹೇಳಬೇಕು. ತಳ್ಳಿದವನು ತಳ್ಳಿದೆ ಅನ್ನಬೇಕು, ನಕ್ಕವಳು ನಕ್ಕೆ ಅನ್ನಬೇಕು, ನೋಡಿಯೂ ಸುಮ್ಮನಿದ್ದವನು ಸುಮ್ಮನಿದ್ದೆ ಅನ್ನಬೇಕು. ಎಲ್ಲ ಮುಗಿದ ಮೇಲೆ ಎಲ್ಲರೂ ಸೇರಿ ಕೆಟ್ಟದ್ದನ್ನು ಸರಿಮಾಡಬೇಕು. ಮಿಸ್ ಕೂಡ ನೆಲದ ಮೇಲೆ ಕೂತು ತಮ್ಮ ಪಾಲು ಹೇಳುತ್ತಿದ್ದರು, ಆದರೆ ಕಟ್ಟಕಡೆಗೆ. "ನಾನು ಮೊದ್ಲು ಹೇಳಿದ್ರೆ ಮಕ್ಳು ನನ್ನನ್ನೇ ನಕಲು ಹೊಡೀತಾರೆ ಸರ್" ಎಂದು ಕಾರಣ ಕೊಟ್ಟಿದ್ದರು.

ಕಾಗಕ್ಕ ಗುಬ್ಬಕ್ಕನ ಕಥೆ ಎಂದು ನಾನು ಮೂಗು ಮುರಿದಿದ್ದೆ. ಆದರೆ ಒಂದು ವರ್ಷದೊಳಗೆ ಶಾಲೆಯಲ್ಲೇ ಅತಿ ತುಂಟ ತರಗತಿ ಎನಿಸಿಕೊಂಡಿದ್ದ ಅದು ತಾನಾಗಿ ಸಾಲು ಕಟ್ಟಿ ಮೈದಾನಕ್ಕೆ ಬರತೊಡಗಿತು. ಚೆಂಡು ಗಟಾರಕ್ಕೆ ಬಿದ್ದರೆ ಮೂವರು ಇಳಿದು ತೆಗೆಯುತ್ತಿದ್ದರು, ಇಬ್ಬರು ತೊಳೆಯುತ್ತಿದ್ದರು, ಜಗಳವೇ ಇಲ್ಲ. ನನ್ನ ಸೀಟಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

ಒಂದು ವಿಷಯ ಮಾತ್ರ ನನಗೆ ಸರಿಬರಲಿಲ್ಲ. "ಇದರಲ್ಲಿ ನನ್ನ ಪಾಲಿಲ್ಲ" ಅನ್ನಲು ಮಕ್ಕಳಿಗೆ ಅವಕಾಶವಿತ್ತು, ಆದರೆ ಬರಬರುತ್ತ ಹಾಗನ್ನುವವರೇ ಇಲ್ಲವಾದರು. ಪಾಲಿಲ್ಲ ಅಂದವರು ಜುಗ್ಗರಂತೆ ಕಾಣುತ್ತಿದ್ದರು. ದೊಡ್ಡ ಪಾಲು ಹೇಳಿದವರಿಗೆ ಮಿಸ್ ಮುಗುಳ್ನಗೆ ಸಿಗುತ್ತಿತ್ತು. ಹತ್ತು ವರ್ಷದ ಮಕ್ಕಳು ಆ ನಗೆಗಾಗಿ ಏನು ಬೇಕಾದರೂ ಒಪ್ಪಿಕೊಳ್ಳುತ್ತಾರೆ. ಇದನ್ನು ನಾನು ಒಮ್ಮೆ ತಮಾಷೆಗೆ ಹೇಳಿದೆ. ತಮಾಷೆಗೆ ಹೇಳಿದ್ದರಿಂದ ಅವರು ಅದನ್ನು ತಮಾಷೆಯೆಂದೇ ತಗೊಂಡರು.

ತರಗತಿಯ ಕೆಲಸಗಳನ್ನೆಲ್ಲ ಮಕ್ಕಳೇ ಹಂಚಿಕೊಂಡಿದ್ದರು. ಬೋರ್ಡು ಒರೆಸುವುದು ಒಬ್ಬನದು, ನಲ್ಲಿ ನೋಡಿಕೊಳ್ಳುವುದು ಇನ್ನೊಬ್ಬಳದು. ಕಿಟಕಿಗಳನ್ನು ಕೇಳಿ ಪಡೆದವಳು ಒಬ್ಬ ಟೈಲರ್‌ನ ಮಗಳು. ಮಾತು ಕಮ್ಮಿ, ಓಟದಲ್ಲಿ ಮಾತ್ರ ಎತ್ತಿದ ಕೈ. ಮೇಲಿನ ಕಿಟಕಿಯ ಚಿಲಕ ಅವಳ ಕೈಗೆ ಎಟುಕುವುದಿಲ್ಲ, ಅದಕ್ಕೊಂದು ಕೊಕ್ಕೆ ಕೋಲಿತ್ತು. ದಿನಾ ಸಂಜೆ ಆ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಕಿಟಕಿಯಿಂದ ಕಿಟಕಿಗೆ ನಡೆಯುವುದನ್ನು ನೋಡಬೇಕಿತ್ತು, ದಂಡನಾಯಕಿಯೇ ಸರಿ. ಮಕ್ಕಳು ಅವಳಿಗೆ ಚಿಲಕ ಎಂದು ಅಡ್ಡಹೆಸರಿಟ್ಟಿದ್ದರು. ಹಾಗೆ ಕರೆದರೆ ಅವಳಿಗೆ ಖುಷಿ.

ಆ ವರ್ಷ ಅವರೆಲ್ಲ ಸೇರಿ ರಟ್ಟಿನ ಊರೊಂದನ್ನು ಕಟ್ಟಿದರು. ಎರಡು ಮೇಜು ಜೋಡಿಸಿ, ಅದರ ಮೇಲೆ ತಲೆಗೊಂದು ಮನೆ, ನಡುವೆ ರಸ್ತೆ, ಆಸ್ಪತ್ರೆ, ಸೇತುವೆ, ಬಸ್ ನಿಲ್ದಾಣ. ಒಬ್ಬ ಮಾತ್ರ ಮನೆ ಬೇಡವೆಂದು ಹಟ ಹಿಡಿದು ನೀರಿನ ಟ್ಯಾಂಕು ಮಾಡಿದ್ದ. ಪಾಲಕರ ಸಭೆಗೆ ಅದನ್ನು ಇಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಪಾಲು ಮಿಸ್ ಹೆಸರು ಹೊರಗೂ ಹಬ್ಬಿ, ಬೇರೆ ಶಾಲೆಗಳ ಕೆಲವು ಟೀಚರುಗಳೂ ಮೇಲಿನ ಕಚೇರಿಯ ಅಧಿಕಾರಿಯೊಬ್ಬರೂ ಅವರ ತರಗತಿ ನೋಡಲು ಬರುವುದೆಂದಾಯಿತು.

ಅವರು ಬರುವ ದಿನದ ಹಿಂದಿನ ರಜೆಯಲ್ಲಿ ಮಳೆ ಹೊಡೆಯಿತು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೇಜಿನ ಮೇಲೆ ಊರಿಲ್ಲ, ಬೂದು ಬಣ್ಣದ ಹಿಟ್ಟು. ಮೇಲಿನ ಕಿಟಕಿ ಹಾರುಹೊಡೆದಿತ್ತು. ಕೆಲವು ಮಕ್ಕಳು ಅತ್ತರು, ಟ್ಯಾಂಕಿನ ಹುಡುಗ ತನ್ನ ಟ್ಯಾಂಕನ್ನು ಎತ್ತಲು ಹೋಗಿ ಅದು ಕೈಯಲ್ಲೇ ಕರಗಿದ್ದನ್ನು ನೋಡುತ್ತ ನಿಂತ. ನಮ್ಮ ಹೆಡ್ ಮಿಸ್ ಬಂದು ನೋಡಿ ಮೊದಲು ಅಯ್ಯೋ ಅಂದರು. ಆಮೇಲೆ ಅವರ ಮುಖ ಅರಳಿತು.

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡಿ. ಬರೋರಿಗೆ ನಿಜವಾದ ಪಾಲನ್ನೇ ತೋರಿಸ್ಬಹುದು" ಅಂದರು.

ಅತಿಥಿಗಳಿಗೆ ಕುರ್ಚಿ ಹೊತ್ತು ತಂದವನು ನಾನೇ, ಹಾಗಾಗಿ ಹಿಂದಿನ ಗೋಡೆಗೆ ಒರಗಿ ಎಲ್ಲವನ್ನೂ ನೋಡಿದೆ. ಮಕ್ಕಳು ದುಂಡಗೆ ಕೂತರು. ಮೇಜನ್ನು ಕಿಟಕಿಯ ಹತ್ತಿರ ತಳ್ಳಿದ್ದು ನನ್ನ ಪಾಲು ಅಂದಳೊಬ್ಬಳು. ಮಳೆ ಬರುತ್ತೆ ಅಂತ ಅಪ್ಪ ಹೇಳಿದ್ದರೂ ನಾನು ಯಾರಿಗೂ ಹೇಳಲಿಲ್ಲ ಅಂದನೊಬ್ಬ. ಪ್ಲಾಸ್ಟಿಕ್ ಹೊದಿಸೋಣ ಅಂದುಕೊಂಡು ಮರೆತೆ ಅಂದನು ಇನ್ನೊಬ್ಬ. ಹೀಗೆ ಬರುತ್ತ ಬರುತ್ತ ಸರದಿ ಚಿಲಕಳಿಗೆ ಬಂತು.

"ನಾನು ಎಲ್ಲಾ ಕಿಟಕಿ ಹಾಕಿದ್ದೆ ಅಂತ ಅನ್ಕೊಂಡಿದ್ದೆ. ಆದ್ರೆ ಮೇಲಿಂದು ಸರಿಯಾಗಿ ಹಾಕಿಲ್ಲ ಅನ್ಸುತ್ತೆ. ಎಲ್ಲರ ಮನೆ ಹೋಗಿದ್ದು ನನ್ನಿಂದ. ನಂದೇ ದೊಡ್ಡ ಪಾಲು" ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಪಾಲು ಮಿಸ್ ಎದ್ದುಹೋಗಿ ಅವಳ ಪಕ್ಕ ಕೂತು ಬೆನ್ನು ತಟ್ಟಿದರು. "ನೋಡಿ, ಎಷ್ಟು ಧೈರ್ಯ ಈ ಮಗೂಗೆ" ಅಂದರು. ಅತಿಥಿಗಳಲ್ಲೊಬ್ಬರು ಕಣ್ಣೊರೆಸಿಕೊಂಡರು. ಕೊನೆಗೆ ಮಿಸ್ ಸರದಿ ಬಂತು. ಅವರು ನೆಲ ನೋಡುತ್ತ, "ಹೊರಡೋ ಮುಂಚೆ ನಾನೂ ಒಂದ್ಸಲ ನೋಡ್ಬೇಕಿತ್ತು. ಅದು ನನ್ನ ಪಾಲು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಚಿಲಕಳನ್ನು ಯಾರೂ ಬೈಯಲಿಲ್ಲ. ಅದೇ ಕಷ್ಟವಾಯಿತೋ ಏನೋ. ಮಕ್ಕಳು ಬಲು ಪ್ರೀತಿಯಿಂದ "ನೀನು ಸ್ವಲ್ಪ ದಿನ ರೆಸ್ಟ್ ತಗೋ" ಎಂದು ಕಿಟಕಿಯ ಕೆಲಸವನ್ನು ಬೇರೆಯವನಿಗೆ ಕೊಟ್ಟರು. ಅಡ್ಡಹೆಸರು ಮಾತ್ರ ಹಾಗೇ ಉಳಿಯಿತು. ಕರೆದಾಗಲೆಲ್ಲ ಅವಳ ಮುಖ ಚಿಕ್ಕದಾಗುತ್ತಿತ್ತು. ಊಟದ ಬಿಡುವಿನಲ್ಲಿ ಒಬ್ಬಳೇ ಕೂತು ಬೇರೆಯವರ ಮನೆಗಳಿಗೆ ರಟ್ಟು ಕತ್ತರಿಸುತ್ತಿದ್ದಳು. ತನ್ನ ಮನೆ ಕಟ್ಟಿಕೊಳ್ಳಲಿಲ್ಲ.

ನನಗೆ ಇದು ತಿಳಿದದ್ದು ಮೈದಾನದಲ್ಲಿ. ರಿಲೇ ಓಟಕ್ಕೆ ಕೊನೆಯ ಓಟ ಯಾವತ್ತೂ ಅವಳದೇ. ಬೇಟನ್ ಕೊಡಲು ಹೋದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ ಸರ್. ನನ್ನ ಕೈಯಿಂದ ಬಿದ್ದೋಗುತ್ತೆ."

"ಯಾವತ್ತಾದ್ರೂ ಬೀಳಿಸಿದೀಯೇನೇ?"

"ಇಲ್ಲ ಸರ್. ಆದ್ರೂ ಬೀಳುತ್ತೆ."

ನಾಟಕ ಆಡುತ್ತಾಳೆ ಅನಿಸಿತು. ಕೋಪ ನೆತ್ತಿಗೇರಿ ಬಾಯಿಗೆ ಬಂದಂತೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡು, ಕೊನೆಗೆ, "ನಿಮಗೆ ಸಿಟ್ಟು ಬಂದಿದ್ರಲ್ಲಿ ನನ್ನ ಪಾಲಿದೆ ಸರ್" ಅಂದಳು. ಸೀಟಿ ಬಾಯಿಗಿಟ್ಟೆ, ಊದಲಾಗಲಿಲ್ಲ. ಇಷ್ಟು ವರ್ಷ ಮಕ್ಕಳು ನನಗೆ ಎದುರು ವಾದಿಸಿದ್ದಾರೆ, ಅತ್ತಿದ್ದಾರೆ, ಹಿಂದಿನಿಂದ ಅಣಕಿಸಿದ್ದಾರೆ. ನನ್ನ ಸಿಟ್ಟನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡ ಮಗುವನ್ನು ನಾನು ಕಂಡಿರಲಿಲ್ಲ.

ವಾರ ಕಳೆಯುವುದರೊಳಗೆ ಅವಳ ಅಪ್ಪ ಬಂದ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ಅಂಗಡಿಯಿಂದ ನೇರ ಬಂದಿದ್ದ. ದೂರು ಹೇಳಲು ಬಂದಿರಬೇಕು, ಈಗ ಪಾಲು ಮಿಸ್‌ಗೆ ಚೆನ್ನಾಗಿ ಆಗುತ್ತದೆ ಎಂದು ನಾನು ಕಿವಿ ನೆಟ್ಟಗೆ ಮಾಡಿಕೊಂಡೆ. ಅವನು ಬಂದದ್ದು ಕೃತಜ್ಞತೆ ಹೇಳಲು.

"ಎಂಥಾ ಬುದ್ಧಿ ಕಲಿಸಿದೀರಿ ಮೇಡಂ! ಮನೇಲಿ ಹಾಲುಕ್ಕಿದ್ರೆ 'ನನ್ನ ಪಾಲು' ಅಂತಾಳೆ. ತಮ್ಮ ಲೋಟ ಒಡೆದ್ರೂ 'ನನ್ನ ಪಾಲು' ಅಂತಾಳೆ. ಮೊನ್ನೆ ನನಗೂ ನನ್ನ ಹೆಂಡ್ತಿಗೂ ಏನೋ ಮಾತಿಗೆ ಮಾತು ಬೆಳೀತು. ಇವಳು ಮಧ್ಯೆ ಬಂದು ನಿಂತು, 'ನನ್ನಿಂದಾನೇ ಜಗಳ, ಕ್ಷಮಿಸಿ' ಅಂದ್ಲು. ನಾವಿಬ್ರೂ ಗಪ್‌ಚಿಪ್! ಇಂಥಾ ಶಿಸ್ತು ನಮ್ಮ ಕಾಲದಲ್ಲಿ ಎಲ್ಲಿತ್ತು ಹೇಳಿ."

ಅವನು ಕೈಮುಗಿದು ಹೋದ. ಪಾಲು ಮಿಸ್ ಮುಖ ಸುಣ್ಣದಂತಾಗಿತ್ತು. ಸ್ವಲ್ಪ ಹೊತ್ತಿಗೆ ನನ್ನ ಆಟದ ಸಾಮಾನಿನ ಕೋಣೆಗೆ ಬಂದರು. ಗಾಳಿ ಹೋದ ಚೆಂಡುಗಳ ಪಕ್ಕ, ಹರಿದ ಚಾಪೆಯ ಮೇಲೆ ಕುಸಿದು ಕೂತರು.

"ಕಿಟಕಿ ತೆಗೆದಿದ್ದು ನಾನು ಸರ್" ಅಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ರಜೆಯ ಹಿಂದಿನ ಸಂಜೆ ಮಕ್ಕಳು ಹೋದ ಮೇಲೆ ಸೇತುವೆಗೆ ಅಂಟು ಹಚ್ಚುತ್ತ ಕೂತಿದ್ದರಂತೆ. ಅಂಟಿನ ಘಾಟಿಗೆ ತಲೆ ಸಿಡಿಯತೊಡಗಿದಾಗ ಮೇಲಿನ ಕಿಟಕಿ ತೆಗೆದರಂತೆ. ಬಸ್ಸಿನ ಹಾರ್ನ್ ಕೇಳಿಸಿತು, ಚೀಲ ಅವುಚಿಕೊಂಡು ಓಡಿದರು. ಅಷ್ಟೆ. ಸೋಮವಾರ ಬೆಳಿಗ್ಗೆ ಕಿಟಕಿ ನೋಡಿದ ಕೂಡಲೇ ಎಲ್ಲ ನೆನಪಾಯಿತಂತೆ.

"ಪಾಲಿನಲ್ಲಿ ಹೇಳ್ಬೇಕು ಅಂತಾನೇ ಕೂತಿದ್ದೆ ಸರ್, ಆಣೆಗೂ. ಆದ್ರೆ ನನ್ನ ಸರದಿ ಬರೋ ಹೊತ್ತಿಗೆ ಮಕ್ಳು ಎಲ್ಲಾನೂ ಹಂಚ್ಕೊಂಡು ಮುಗಿಸಿಬಿಟ್ಟಿದ್ರು. ಅವಳು ಅಳ್ತಿದ್ಲು, ಬಂದೋರು ಕಣ್ಣೊರೆಸ್ಕೋತಿದ್ರು. ನನ್ನ ನಾಲಿಗೇನೇ ಏಳ್ಲಿಲ್ಲ."

ನನಗೆ ಸಿಟ್ಟು ಬಂತು. ಮೂರು ವರ್ಷ ನನ್ನ ಸೀಟಿಯನ್ನು ಕನಿಕರದಿಂದ ನೋಡಿದವರು ಇವರು.

"ನಾನು ಮಕ್ಳನ್ನ ಬಿಸಿಲಲ್ಲಿ ಓಡಿಸೋನು, ಒಪ್ಪಿದೆ. ಆದ್ರೆ ಓಡಿಸ್ತಿರೋನು ಯಾರು ಅಂತ ಅವಕ್ಕೆ ಗೊತ್ತಿರುತ್ತೆ ಮೇಡಂ. ಮನಸಾರೆ ನನ್ನನ್ನ ಬೈಕೊಂಡು ಓಡ್ತಾವೆ. ಈ ಹುಡುಗಿ ಯಾರನ್ನ ಬೈಕೋಬೇಕು? ತನ್ನನ್ನೇ ಬೈಕೋತಿದಾಳೆ. ಹೋಗಿ ಹೇಳ್ಬಿಡಿ."

"ಹೇಳ್ತೀನಿ ಸರ್" ಅಂದರು. ಹೇಳಲಿಲ್ಲ. ಮರುದಿನ ಹೆಡ್ ಮಿಸ್ ಸಿಹಿ ಸುದ್ದಿ ತಂದರು. ಪಾಲಿನ ಪದ್ಧತಿಯನ್ನು ಎಲ್ಲ ಶಾಲೆಗಳ ಟೀಚರುಗಳಿಗೆ ತರಬೇತಿಯಲ್ಲಿ ಕಲಿಸಬೇಕಂತೆ, ಪಾಲು ಮಿಸ್ಸೇ ಭಾಷಣ ಮಾಡಬೇಕಂತೆ. ರಟ್ಟಿನ ಊರಿನ ಹುಡುಗಿಯ ಉದಾಹರಣೆಯನ್ನು ಮರೆಯದೆ ಹೇಳಬೇಕೆಂದು ಅಧಿಕಾರಿಗಳು ಒತ್ತಿ ಹೇಳಿದ್ದಾರಂತೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅಭಿನಂದಿಸಿದರು. ಅವರು ನನ್ನ ಕಡೆ ಮಾತ್ರ ನೋಡಲಿಲ್ಲ. ಅಂದಿನಿಂದ ಗೇಟಿನ ಹತ್ತಿರ ನಾನೂ ತಮಾಷೆ ನಿಲ್ಲಿಸಿದೆ. ಅವರು ತಲೆ ತಗ್ಗಿಸಿಕೊಂಡು ಬಸ್ಸಿನ ಕಡೆ ನಡೆದು ಹೋಗುತ್ತಿದ್ದರು, ಓಡುತ್ತಿರಲಿಲ್ಲ. ಮನೆಯಲ್ಲಿ ಏನು ಪಾಡೋ ಗೊತ್ತಿಲ್ಲ.

ಅವರನ್ನು ಕೊನೆಗೆ ಎಬ್ಬಿಸಿದ್ದು ನಾನಲ್ಲ, ಒಂದು ಕುಪ್ಪಿ ಬಣ್ಣ. ತರಗತಿಯಲ್ಲಿ ಯಾರೋ ಬಣ್ಣದ ಕುಪ್ಪಿ ಉರುಳಿಸಿದರು. ಚಿಲಕ ಆಗ ಕೋಣೆಯಲ್ಲೇ ಇರಲಿಲ್ಲ, ನೀರು ಕುಡಿಯಲು ಹೋಗಿದ್ದಳು. ಬಂದು ಬಾಗಿಲಲ್ಲಿ ನಿಂತು ನೆಲದ ಮೇಲಿನ ಬಣ್ಣ ನೋಡಿದವಳೇ, ಯಾರೂ ಏನೂ ಕೇಳುವ ಮೊದಲೇ, "ನಂದು ಮಿಸ್" ಅಂದಳಂತೆ. ತರಗತಿ ಗೊಳ್ಳೆಂದು ನಕ್ಕಿತಂತೆ. ಮಿಸ್ ಅಲ್ಲಿಂದ ನೇರ ಮೈದಾನಕ್ಕೆ ಬಂದರು.

"ನೀವೂ ಬನ್ನಿ ಸರ್. ನೀವಿದ್ರೆ ನಾನು ಹಿಂದೆ ಸರಿಯೋಕಾಗಲ್ಲ."

ಹೋದೆ. ಬೆಂಚು ತಳ್ಳಿ ಮಕ್ಕಳು ಕೂತಿದ್ದರು. ಪಾಲು ಮಿಸ್ ಅವರ ನಡುವೆ ಕೂತು, "ಇವತ್ತು ಮೊದ್ಲು ನಾನು ಹೇಳ್ತೀನಿ" ಅಂದರು. ನಿಯಮ ಮುರಿದದ್ದಕ್ಕೆ ಮಕ್ಕಳಲ್ಲಿ ಗುಸುಗುಸು ಆಯಿತು. ಅವರು ಒಂದೇ ಉಸಿರಿಗೆ ಹೇಳಿದರು. ಅಂಟು, ಕಿಟಕಿ, ಬಸ್ಸು, ಎಲ್ಲ. "ಊರು ಹಾಳಾಗಿದ್ದು ನನ್ನಿಂದ. ನಿಮ್ಮಲ್ಲಿ ಯಾರ ಪಾಲೂ ಇಲ್ಲ."

ಟ್ಯಾಂಕಿನ ಹುಡುಗ ಕೇಳಿದ, "ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ ಮಿಸ್?"

"ನಾಚಿಕೆ ಆಯ್ತು ಕಣೋ. ಬಂದೋರ ಎದುರು ಒಳ್ಳೆಯವಳಾಗಿ ಕಾಣ್ಬೇಕು ಅನ್ನಿಸ್ತು."

ಅವನು ಯೋಚಿಸಿದ. "ಹಾಗಾದ್ರೆ ನನ್ನ ಪಾಲು ವಾಪಸ್" ಅಂದ. ಅದು ಅವನಿಗೆ ಹೊಳೆದದ್ದೇ ತಡ, ದುಂಡಿನ ತುಂಬ ಹಬ್ಬಿತು. ಮೇಜು ತಳ್ಳಿದವಳು ವಾಪಸ್ ತಗೊಂಡಳು, ಪ್ಲಾಸ್ಟಿಕ್ ಮರೆತವನು ವಾಪಸ್ ತಗೊಂಡ, ಅಪ್ಪನ ಮಾತು ಮುಚ್ಚಿಟ್ಟವನು "ನಮ್ಮಪ್ಪಂದೂ ವಾಪಸ್" ಅಂದ. ನಗು ಬಂದು ನಾನು ಮುಖ ತಿರುಗಿಸಿಕೊಂಡೆ. ಸರದಿ ಚಿಲಕಳಿಗೆ ಬಂದಾಗ ನಗು ನಿಂತಿತು.

"ನಂದು ವಾಪಸ್ ಬೇಡ ಮಿಸ್" ಅಂದಳು ಅವಳು.

"ನೀನು ಕಿಟಕಿ ಸರಿಯಾಗಿ ಹಾಕಿದ್ದೆ ಮಗೂ. ಚಿಲಕ ಎಷ್ಟು ಬಿಗಿಯಾಗಿತ್ತು ಅಂದ್ರೆ, ನಾನು ಜಗ್ಗಿ ಜಗ್ಗಿ ತೆಗೀಬೇಕಾಯ್ತು."

ಅವಳು ತಲೆ ಅಲ್ಲಾಡಿಸಿದಳು. "ನೀವು ಸುಮ್ನೆ ಹೇಳ್ತಿದೀರ. ನಾನು ಬೇಜಾರಲ್ಲಿದೀನಿ ಅಂತ ನನ್ನ ಪಾಲು ನೀವು ತಗೋತಿದೀರ. ನೀವು ಒಳ್ಳೇವ್ರು ಮಿಸ್, ನಂಗೆ ಗೊತ್ತು."

ಪಕ್ಕದ ಹುಡುಗಿಯೊಬ್ಬಳು ಹೌದೆಂಬಂತೆ ಕತ್ತು ಆಡಿಸಿದಳು. ಮೂಲೆಯಲ್ಲಿ ಯಾರೋ ಮೆಲ್ಲಗೆ ಚಪ್ಪಾಳೆ ಶುರುಮಾಡಿದರು. ಪಾಲು ಮಿಸ್ ನನ್ನ ಕಡೆ ನೋಡಿದರು. ಅಷ್ಟು ನಾಚಿಕೆ ತುಂಬಿದ ಮುಖವನ್ನು ನಾನು ಯಾವ ಮಗುವಿನಲ್ಲೂ ಕಂಡಿರಲಿಲ್ಲ. ಇಲ್ಲಿಗೇ ಬಿಟ್ಟಿದ್ದರೆ ಅವರು ಇನ್ನೊಂದು ಮೆಟ್ಟಿಲು ಮೇಲೇರುತ್ತಿದ್ದರು, ತಪ್ಪನ್ನು ಕೂಡ ಮಕ್ಕಳಿಗೋಸ್ಕರ ಹೊತ್ತ ಮಿಸ್ ಅನಿಸಿಕೊಳ್ಳುತ್ತಿದ್ದರು. ಬಿಟ್ಟುಬಿಡುತ್ತಾರೇನೋ ಎಂದು ನನಗೆ ಭಯವಾಯಿತು.

"ಚಪ್ಪಾಳೆ ನಿಲ್ಸಿ" ಅಂದರು. ಚಿಲಕಳ ಎದುರಿಗೆ ಮಂಡಿಯೂರಿ ಕೂತರು. "ಕೇಳು ಮಗೂ. ನಾನು ಒಳ್ಳೆಯವಳಲ್ಲ. ಅವತ್ತು ನೀನು 'ನಂದೇ ದೊಡ್ಡ ಪಾಲು' ಅಂದೆಯಲ್ಲ, ಅದು ಸುಳ್ಳು ಅಂತ ಆಗ್ಲೇ ನಂಗೆ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಬೆನ್ನು ತಟ್ಟಿದೆ. ಸದ್ಯ ನೀನು ಹೇಳಿಬಿಟ್ಟೆ, ಇನ್ನು ನಾನು ಹೇಳೋದು ಬೇಕಾಗಿಲ್ಲ ಅಂತ ಒಳಗೊಳಗೇ ಸಮಾಧಾನ ಆಯ್ತು ನಂಗೆ."

ಹುಡುಗಿ ಅವರನ್ನೇ ನೋಡಿದಳು. ಈ ಸಲ ನಂಬಿದಳು. ನಂಬಿಕೆ ಅವಳ ಮುಖಕ್ಕೆ ನಿಧಾನವಾಗಿ ಬಂತು, ಅದರ ಜೊತೆ ಇನ್ನೇನೋ ಹೋಯಿತು.

"ನಾನು ಅಳ್ತಿದ್ದಾಗ್ಲೂ ಗೊತ್ತಿತ್ತಾ ಮಿಸ್?"

"ಗೊತ್ತಿತ್ತು."

"ಆಮೇಲೆ ದಿನಾ ನಾನು ರಟ್ಟು ಕತ್ತರಿಸ್ತಿದ್ದಾಗ?"

"ಆಗ್ಲೂ ಗೊತ್ತಿತ್ತು."

ಚಿಲಕ ಕೆನ್ನೆಯನ್ನು ಹೆಗಲಿಗೆ ಒರೆಸಿಕೊಂಡಳು. ಬೆನ್ನು ನೆಟ್ಟಗೆ ಮಾಡಿ ಕೂತಳು.

"ಹಾಗಾದ್ರೆ ನಂದೂ ವಾಪಸ್" ಅಂದಳು, ಮಿಸ್ ಕಡೆ ನೋಡದೆ. ಆಮೇಲೆ ಸ್ವಲ್ಪ ಸರಿದು ಕೂತು, ಪಕ್ಕದವಳಿಗೆ "ಈಗ ನಿಂದು ಹೇಳು" ಅಂದಳು.